ಅಪ್ಪನ ಮಿಕ್ಸರಿಗೆ ಹೊಂದುವ ಪೆಡಲ್

ಅಜ್ಜಾವರ
18-3-2025

ಪ್ರೀತಿಯ ಮಗಳು ದೀಪ್ತಿಗೆ,

ಅಪ್ಪನ ಮುದ್ದು ಮೊದಲು ತೆಗೆದುಕೋ, ಉಳಿದದ್ದು ಆಮೇಲೆ. ಕಾಗದ ಕಂಡು ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಸೌಖ್ಯ. ಅವ್ವನ ಮಂಡಿನೋವು ಅರ್ಧ ಕಡಿಮೆಯಾಗಿದೆ, ಉಳಿದರ್ಧವನ್ನು ನನ್ನ ಮೇಲೆ ರೇಗಲು ಇಟ್ಟುಕೊಂಡಿದ್ದಾಳೆ. ನಮ್ಮ ಬಾಕ್ಸ್ ಸಾಗಿಸುವ ಪೋಕರ್ ನಾಳೆ ಪಿಕಪ್ಪಿನಲ್ಲಿ ಪುತ್ತೂರಿಗೆ ಬಾಡಿಗೆ ಬರುತ್ತಾನೆ. ಈ ಪೆಟ್ಟಿಗೆಯನ್ನೂ ನಿನ್ನ ಗಿಟಾರನ್ನೂ ಹಾಸ್ಟೆಲಿಗೆ ಮುಟ್ಟಿಸುತ್ತಾನೆ. ಬಿಚ್ಚುವ ಮೊದಲು ಓದು ಎಂದು ಕಾಗದವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಆದರೆ ನೀನು ಮೊದಲು ಪೆಟ್ಟಿಗೆಯನ್ನೇ ಬಿಚ್ಚಿರುತ್ತೀಯ, ನನಗೆ ಗೊತ್ತಿಲ್ಲವೇ.

ಐದು ವಾರದಿಂದ ನಿನ್ನ ಹತ್ತಿರ ಮಾತಾಡಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ನೀನು ಫೋನ್ ಮಾಡಿದಾಗಲೆಲ್ಲ 'ತಕೊ, ಅವ್ವನ ಹತ್ರ ಮಾತಾಡು' ಎಂದು ದಾಟಿಸಿದ್ದು ನಿಜ. ಇಲ್ಲಿ ರೇಂಜ್ ಸರಿಯಿಲ್ಲ ಎಂದು ಅವಳ ಬಾಯಲ್ಲಿ ಹೇಳಿಸಿದ್ದೂ ನಿಜ. ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನೀನು ಅವಳ ಹತ್ತಿರ ಹೇಳಿದೆಯಂತೆ. ಸಿಟ್ಟು ಆವತ್ತು ಪುತ್ತೂರಿನಿಂದ ಮನೆ ಮುಟ್ಟುವುದರೊಳಗೆ ಇಳಿದಿತ್ತು ಮಗಾ. ಆಮೇಲೆ ಉಳಿದದ್ದು ನಾಚಿಕೆ. ಅದು ಬೇಗ ಇಳಿಯುವುದಿಲ್ಲ.

ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನನ್ನ ಬೆರಳಿಗೆ ಆ ಅಕ್ಷರಗಳು ಸಿಕ್ಕುವುದಿಲ್ಲ, ಒಂದನ್ನು ಒತ್ತಿದರೆ ಪಕ್ಕದ್ದು ಬರುತ್ತದೆ. ಮನೆಯಲ್ಲಿ ಅರೆಭಾಷೆ ಆಡುವ ನಾವು ಕಾಗದಕ್ಕೆ ಕೂತರೆ ಕನ್ನಡವೇ ಬರುತ್ತದೆ, ಅದೂ ಮೇಷ್ಟ್ರು ಪಕ್ಕದಲ್ಲಿ ನಿಂತು ಬರೆಸಿದಂಥ ಕನ್ನಡ. ಓದುವಾಗ ನೀನೇ ನಮ್ಮ ಮಾತಿಗೆ ತಿರುಗಿಸಿಕೋ.

ಹೋದ ಸಲ ಬಂದಾಗ ನೀನು ಗಿಟಾರನ್ನು ಕಪಾಟಿನ ಮೇಲೆ ಹತ್ತಿಸಿ, ಅದು ಇನ್ನು ತನಗೆ ಬೇಡ, ಯಾರಾದರೂ ಕೇಳಿದರೆ ಕೊಟ್ಟುಬಿಡು ಎಂದು ಅವ್ವನಿಗೆ ಹೇಳಿ ಬಸ್ಸು ಹತ್ತಿದೆ. ನಾನು ಅಂಗಳದಲ್ಲಿ ಕೇಬಲ್ ಸುತ್ತುತ್ತಾ ಇದ್ದೆ. ನೀನು ನನ್ನ ಪಕ್ಕದಲ್ಲೇ ನಡೆದುಹೋದರೂ ನಾನು ತಲೆ ಎತ್ತಲಿಲ್ಲ. ಪಿಯುಸಿ ಮುಗಿದಾಗ ನಾನೇ ಕೊಡಿಸಿದ ಗಿಟಾರ್ ಅದು. ಮೊದಲ ಆರು ತಿಂಗಳು ನಿನ್ನ ಬೆರಳ ತುದಿಯ ಚರ್ಮ ಎದ್ದು ಅವ್ವ ಎಣ್ಣೆ ಹಚ್ಚಿದ್ದು ಮರೆತಿಲ್ಲ. ಅದನ್ನು ನಿನ್ನ ಕೈಗೆ ವಾಪಸು ಕೊಡಬೇಕು, ನೀನು ಮತ್ತೆ ನುಡಿಸಬೇಕು. ಈಗ ನನಗೆ ಬೇಕಾದದ್ದು ಇದೊಂದೇ.

ಕಾಲೇಜಿನ ವಾರ್ಷಿಕೋತ್ಸವದ ದಿನದ ಮಾತನ್ನು ಬರೆಯದೆ ಮುಂದೆ ಹೋದರೆ ಈ ಕಾಗದಕ್ಕೆ ಅರ್ಥವಿಲ್ಲ. ನೀನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ನಮ್ಮಿಬ್ಬರಿಗೆ ಒಂದು ಕ್ರಮ ಇತ್ತಲ್ಲ. ಮದುವೆಯೋ ಕಬಡ್ಡಿಯೋ, 'ದೀಪ್ತಿ ಸೌಂಡ್ಸ್' ಎಂದು ಬರೆದ ನಮ್ಮ ಸ್ಪೀಕರ್ ಬಾಕ್ಸ್ ಎಲ್ಲಿ ನಿಂತರೂ ಮೈಕ್ ಪರೀಕ್ಷೆ ನಿನ್ನದು. ನೀನು ಸ್ಟೇಜಿನ ಮೇಲೆ ನಿಂತು ಒಂದು, ಎರಡು, ಮೂರು ಎಂದು ಎಣಿಸಬೇಕು. ನಾನು ಶಾಮಿಯಾನದ ಕೊನೆಯ ಕಂಬದ ಹತ್ತಿರ ನಿಲ್ಲಬೇಕು. ನಿನ್ನ ಸ್ವರ ಅಲ್ಲಿಗೆ ಮುಟ್ಟಿದ ಕೂಡಲೇ ಕೈ ಎತ್ತಬೇಕು. ಕೈ ಏಳದೆ ನೀನು ಎಣಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಸಂಪಾಜೆಯಲ್ಲಿ ನಾನು ಕೈ ಎತ್ತುವುದನ್ನು ಮರೆತು ಚಹಾಕ್ಕೆ ಹೋಗಿ ಬರುವಾಗ ನೀನು ನೂರ ನಲವತ್ತರಲ್ಲಿದ್ದೆ. ಮದುಮಗನ ಕಡೆಯವರು ಸುತ್ತ ನಿಂತು ನಗುತ್ತಿದ್ದರು, ನೀನು ಮಾತ್ರ ಕಂಬದ ಕಡೆಯೇ ನೋಡುತ್ತಾ ಎಣಿಸುತ್ತಿದ್ದೆ.

ಆವತ್ತೂ ಕಾಲೇಜಿನ ಸಭಾಂಗಣದಲ್ಲಿ ನಾನು ಕೊನೆಯ ಕಂಬಕ್ಕೆ ಒರಗಿ ನಿಂತಿದ್ದೆ. ನೀನು ನುಡಿಸಲು ಶುರು ಮಾಡಿ ಎರಡು ಸಲ ನನ್ನ ಕಡೆ ನೋಡಿದೆ. ಯಾಕೆ ನೋಡಿದೆ ಎಂದು ನನಗೆ ತಿಳಿಯಿತು. ನಾನು ಕೈ ಎತ್ತಲಿಲ್ಲ. ಹಿಂದೆ ಬಾರಿಸುವವನ ಡ್ರಮ್ಮು ಬರುತ್ತಿದೆ, ನಿನ್ನ ಗಿಟಾರ್ ಬರುತ್ತಿಲ್ಲ. ಕಾಲೇಜಿನವರು ಬೇರೆ ಕಡೆಯಿಂದ ಕರೆಸಿದ ಸೌಂಡ್ಸ್‌ನ ಹುಡುಗ ನಿನ್ನ ಸ್ವರವನ್ನು ಏರಿಸಿಯೇ ಇಲ್ಲ ಎಂದು ನನ್ನ ತಲೆ ಕೆಟ್ಟಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಸುಮ್ಮನೆ ನಿಲ್ಲುವುದು ಹೇಗೆ? ಹೋಗಿ ಅವನ ಕೈ ಸರಿಸಿ, ಸ್ವರ ಏರಿಸಿ ಇಳಿಸುವ ಮಿಕ್ಸರಿನಲ್ಲಿ ನಿನ್ನ ಗಿಟಾರಿನ ಗುಂಡಿಯನ್ನು ಮೇಲಿನ ತುದಿಯವರೆಗೆ ದೂಡಿಬಿಟ್ಟೆ. ಬಾಕ್ಸ್ ಕೂಯ್ಯೆಂದು ಕಿರುಚಿದ್ದು, ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡದ್ದು, ನೀನು ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದದ್ದು ನಿನಗೆ ನಾನು ಹೇಳಬೇಕಾಗಿಲ್ಲ.

ಹೊರಗೆ ಬಂದು ನೀನು ಜೋರು ಮಾಡಲಿಲ್ಲ. "ಎಂತಕ್ಕೆ ಹಾಗೆ ಮಾಡಿದ್ದು ಅಪ್ಪ?" ಎಂದು ಕೇಳಿದೆ ಅಷ್ಟೆ. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನೇನು ಹೇಳಿದೆ? "ನಿನ್ನ ಗಿಟಾರಿನಲ್ಲಿ ಸ್ವರ ಎಲ್ಲಿ ಉಂಟು? ಸ್ವರವೇ ಇಲ್ಲದ್ದನ್ನು ಸ್ಟೇಜಿಗೆ ತರುದಾ?" ಅದೂ ನಿನ್ನ ಗೆಳತಿಯರ ಎದುರು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನಾನು ಎಷ್ಟು ಒದ್ದಾಡಿದೆ ಎಂದು ಇನ್ನು ಬರೆಯುತ್ತೇನೆ. ಸ್ವಲ್ಪ ನಗು ಬಂದರೆ ನಕ್ಕುಬಿಡು.

ಗಿಟಾರಿಗೆ ಸ್ವರ ಸಾಲದು ಎಂದು ಹೇಳಿದವನೇ ಅದಕ್ಕೆ ಸ್ವರ ಕೊಡಿಸಬೇಕು ಎಂದು ನಿಶ್ಚಯ ಮಾಡಿದೆ. ಎಲೆಕ್ಟ್ರಿಕ್ ಗಿಟಾರನ್ನು ಬರೀ ವಯರಿನಲ್ಲಿ ಕೊಟ್ಟರೆ ಸಪ್ಪೆ, ನಡುವೆ ಕಾಲಿನಲ್ಲಿ ಒತ್ತುವ ಒಂದು ಪೆಟ್ಟಿಗೆ ಇದ್ದರೆ ಸ್ವರವನ್ನು ದಪ್ಪ ಮಾಡಬಹುದು, ಹರಡಬಹುದು, ಮರುದನಿ ಬರಿಸಬಹುದು, ಎಲ್ಲ ಒಂದರಲ್ಲೇ ಇರುವ ಮಲ್ಟಿ ಎಫೆಕ್ಟ್ ಪೆಡಲ್ ಎಂದು ನೀನೇ ಹಿಂದೊಮ್ಮೆ ಊಟಕ್ಕೆ ಕೂತು ಹೇಳಿದ್ದೆ. ನಾನು ಆಗ ಸಾರು ಬಡಿಸು ಎಂದಿದ್ದೆ.

ಕಡಬದಲ್ಲಿ ವಿಷ್ಣುಪ್ರಸಾದ್ ಎಂಬ ಹುಡುಗ, ಮೊದಲು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವನು, ಹಳೆಯದೊಂದು ಪೆಡಲ್ ಮಾರುತ್ತಾನೆ ಎಂದು ತಿಳಿಯಿತು. ಪೋಕರನನ್ನು ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಪಕ್ಕ ಅವನ ಮೊಬೈಲ್ ಅಂಗಡಿ. ಪೆಡಲ್ ನೋಡಿದರೆ ಕಬ್ಬಿಣದ ದಪ್ಪ ಮೈ, ಕಾಲಿಟ್ಟು ತುಳಿಯುವ ಹಲಗೆ, ಉದ್ದಕ್ಕೆ ನಾಲ್ಕು ಸ್ವಿಚ್ಚು. ಎತ್ತಿದರೆ ಎರಡು ಸೇರು ಅಕ್ಕಿಯ ಭಾರ. ಭಾರ ಇದ್ದದ್ದು ಬಾಳಿಕೆ ಬರುತ್ತದೆ ಎಂಬುದು ನಮ್ಮ ಕಸುಬಿನವರ ನಂಬಿಕೆ. ವಿಷ್ಣುಪ್ರಸಾದ್ ಬಹಳ ಹೊತ್ತು ಏನೋ ವಿವರಿಸಿದ. ಪಕ್ಕದಲ್ಲಿ ಬಸ್ಸುಗಳ ಗಲಾಟೆ. ನಾನು ತಲೆ ಆಡಿಸಿ ಆರು ಸಾವಿರ ಕೊಟ್ಟು ತಂದೆ.

ಮನೆಗೆ ಬಂದವನೇ ಕಪಾಟಿನಿಂದ ನಿನ್ನ ಗಿಟಾರ್ ಇಳಿಸಿ, ಪೆಡಲಿಗೆ ಕೊಟ್ಟು, ಪೆಡಲನ್ನು ನಮ್ಮ ಮಿಕ್ಸರಿಗೆ ಕೊಟ್ಟು, ಅಂಗಳದಲ್ಲಿ ಎರಡು ಬಾಕ್ಸ್ ಇಟ್ಟೆ. ನುಡಿಸಲು ನನಗೆ ಎಲ್ಲಿ ಬರುತ್ತದೆ, ಆರೂ ತಂತಿಯನ್ನು ಮೇಲಿನಿಂದ ಕೆಳಗೆ ಗೀರಿದೆ. ನನಗೆ ಬಹಳ ಖುಷಿಯಾಯಿತು, ಗಂಡು ಸ್ವರ ಎಂದರೆ ಇದು ಎಂದುಕೊಂಡೆ. ತಿರುಗಿ ನೋಡಿದರೆ ಅವ್ವ ಕಿವಿಗೆ ಸೆರಗು ಒತ್ತಿಕೊಂಡು ಜಗಲಿಯಲ್ಲಿ ನಿಂತಿದ್ದಾಳೆ, ನಾಯಿ ತೋಟದ ಆಚೆ ಓಡಿದೆ. ಪೋಕರ್ ಬಂದು ಮಿಕ್ಸರ್ ಆಫ್ ಮಾಡಿ, "ಎಂತ ಮಾರಾಯ, ಗರಗಸದ ಮಿಲ್ಲು ಶುರು ಮಾಡಿದ್ದಾ?" ಎಂದ. ನಿಮಗಿಬ್ಬರಿಗೂ ಕಿವಿ ಸರಿಯಿಲ್ಲ ಎಂದು ನಾನು ಅವರ ಮೇಲೆ ಹರಿಹಾಯ್ದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಮರುವಾರ ಗಿಟಾರನ್ನೂ ಆ ಪೆಡಲನ್ನೂ ಪಿಕಪ್ಪಿನಲ್ಲಿ ಹಾಕಿಕೊಂಡು ಪುತ್ತೂರಿನ ಸಂಗೀತದ ಅಂಗಡಿಗೆ ಬಂದೆವು. ಹೌದು, ನೀನಿರುವ ಊರಿಗೇ ಬಂದು ನಿನಗೆ ಹೇಳಲಿಲ್ಲ. ಅಂಗಡಿಯ ಹರಿಪ್ರಸಾದ್ ತಾಳ್ಮೆಯ ಮನುಷ್ಯ. ನನ್ನ ಪೆಡಲಿಗೆ ಗಿಟಾರ್ ಕೊಟ್ಟು, ಒಮ್ಮೆ ಗಿಟಾರಿನದ್ದೇ ಬಾಕ್ಸಿಗೂ ಇನ್ನೊಮ್ಮೆ ಹಾಡಿನ ಬಾಕ್ಸಿಗೂ ಹಾಕಿ ನುಡಿಸಿದ. ಗಿಟಾರಿನ ಬಾಕ್ಸ್ ಸ್ವರದ ಮೇಲಿನ ಹರಿತವನ್ನೆಲ್ಲ ನುಂಗಿಕೊಳ್ಳುತ್ತದೆ, ನಮ್ಮ ಮದುವೆಮನೆಯ ಬಾಕ್ಸ್ ಒಂದನ್ನೂ ಬಿಡದೆ ಹೊರಗೆ ಹಾಕುತ್ತದೆ, ಅದಕ್ಕೇ ಗರಗಸ ಎಂದು ವಿವರಿಸಿದ. ಈಗಿನ ಪೆಡಲುಗಳಲ್ಲಿ ಗಿಟಾರಿನ ಬಾಕ್ಸ್ ಮಾಡುವ ಕೆಲಸವನ್ನು ಪೆಡಲೇ ಒಳಗೆ ಮಾಡುತ್ತದೆ, ನನ್ನ ಹಳೆಯದರಲ್ಲಿ ಅದು ಇಲ್ಲ. ವಿಷ್ಣುಪ್ರಸಾದ್ ಕಡಬದಲ್ಲಿ ಬಾಯಿ ನೋಯುವಷ್ಟು ಹೇಳಿದ್ದು ಇದನ್ನೇ ಅಂತೆ. ಪೋಕರ್ ಕೇಳಿಸಿಕೊಂಡಿದ್ದ, ನನಗೆ ಗೊತ್ತಿರಬಹುದು ಎಂದು ಸುಮ್ಮನಿದ್ದ. ವಿಷ್ಣುಪ್ರಸಾದ್ ಒಳ್ಳೆಯವನು, ಆಮೇಲೆ ಆ ಪೆಡಲನ್ನು ದುಡ್ಡು ಕೊಟ್ಟು ವಾಪಸು ತೆಗೆದುಕೊಂಡ.

ಹರಿಪ್ರಸಾದ್ ತಂತಿ ಮೀಟುವ ಪ್ಲೆಕ್ಟ್ರಮ್ಮಿಗಾಗಿ ನಿನ್ನ ಗಿಟಾರಿನ ಚೀಲದ ಜೇಬಿಗೆ ಕೈ ಹಾಕಿದಾಗ ಒಂದು ಮಡಚಿದ ಕಾಗದವೂ ಬಂತು. ನೋಟ್‌ಬುಕ್ಕಿನ ಹಾಳೆ, ನಿನ್ನ ಅಕ್ಷರ. ಮೇಲೆ 'ಪೆಡಲ್, ಎಂಟು ಸಾವಿರದೊಳಗೆ' ಎಂದು ಬರೆದಿದ್ದೆ. ಅವನು ಗಟ್ಟಿಯಾಗಿ ಓದಿದ. ನಾನು ಅವನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ಓದಿದೆ. ಹೆಡ್‌ಫೋನ್ ಹಾಕಲು ಆಗಬೇಕು, ಹಾಸ್ಟೆಲಿನಲ್ಲಿ ಬೈತಾರೆ. ಶ್ರುತಿ ಮಾಡುವ ಟ್ಯೂನರ್ ಒಳಗೇ ಇರಬೇಕು. ಸ್ವಿಚ್ಚು ಎರಡಾದರೂ ಬೇಕು. ನುಡಿಸಿದ್ದನ್ನು ಹಿಡಿದು ತಿರುಗಿ ತಿರುಗಿ ಹಾಡುವ ಲೂಪರ್ ಇದ್ದರೆ ಒಳ್ಳೆಯದು. ಕೊನೆಯ ಸಾಲಿನ ಅಡಿಗೆ ಎರಡು ಗೆರೆ ಎಳೆದಿದ್ದೆ: 'ಅಪ್ಪನ ಮಿಕ್ಸರಿಗೆ ನೇರ ಕೊಡಲು ಆಗಬೇಕು.'

ನಾನು ಅಂಗಡಿಯ ಹೊರಗೆ ಹೋದೆ. ನೀನು ಅದನ್ನು ಬರೆದದ್ದು ವಾರ್ಷಿಕೋತ್ಸವಕ್ಕೆ ಮೊದಲು, ತಾರೀಕು ಇತ್ತು. ನಮ್ಮ ಬಾಕ್ಸಿನಲ್ಲಿ ನುಡಿಸಬೇಕು ಎಂದು ನೀನು ಲೆಕ್ಕ ಹಾಕುತ್ತಿದ್ದೆ, ನಾನು ಸ್ವರವೇ ಇಲ್ಲ ಎಂದೆ. ಪೋಕರ್ ಬಂದು ಒಂದು ಚಹಾ ಕೊಡಿಸಿದ.

ಇನ್ನು ಆಯ್ಕೆಯ ಮಾತು. ಮೇಜಿನ ಮೇಲೆ ಮೂರು ಪೆಡಲ್ ಇದ್ದವು. ಒಂದಕ್ಕೆ ಬಣ್ಣದ ಪರದೆ, ತುಳಿಯುವ ಹಲಗೆ, ನೂರಾರು ಬಗೆಯ ಸ್ವರ. ಅಂಗೈಯಷ್ಟೇ ಇದ್ದ ಇನ್ನೊಂದು ಬಹಳ ಅಗ್ಗ, ಆದರೆ ಸ್ವಿಚ್ಚು ಒಂದೇ, ಅಡಾಪ್ಟರ್ ಬೇರೆ ಕೊಳ್ಳಬೇಕು. ನೂರು ಸ್ವರ ಇದ್ದರೂ ಮೊದಲ ವರ್ಷ ಎಲ್ಲರೂ ನಾಲ್ಕೇ ಬಳಸುತ್ತಾರೆ, ಆ ನಾಲ್ಕು ಚೆನ್ನಾಗಿದ್ದರೆ ಸಾಕು ಎಂದ ಹರಿಪ್ರಸಾದ್. ಮಾರುವವನೇ ದುಬಾರಿಯದು ಬೇಡ ಎಂದದ್ದು ನನ್ನ ಆಯುಷ್ಯದಲ್ಲಿ ಮೊದಲ ಸಲ. ಕೊನೆಗೆ ನಿನ್ನ ಚೀಟಿಯ ಒಂದೊಂದೇ ಸಾಲಿಗೆ ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗಿ ನಡುವಿನದನ್ನು ತೆಗೆದೆವು. ಪರದೆ ಸಣ್ಣದು, ಹಲಗೆ ಇಲ್ಲ, ನೋಡಲು ಅಂಥ ಚಂದವೂ ಇಲ್ಲ. ನಿನ್ನ ಚೀಟಿಯದು ಮಾತ್ರ ಎಲ್ಲವೂ ಉಂಟು. ಸ್ವರ ಒಪ್ಪಿದ್ದು ಪೋಕರ್, ನಾನಲ್ಲ. ಮೂರನ್ನೂ ಕಣ್ಣು ಮುಚ್ಚಿ ಕೇಳಿ, "ಇದು ನಮ್ಮ ಹುಡುಗಿಯ ಹಾಗೆ ಉಂಟು, ಬೊಬ್ಬೆ ಇಲ್ಲ" ಎಂದ. ಅವನ ಮಾತೇ ಕೊನೆ ಎಂದು ಬಿಟ್ಟೆ.

ಕಸುಬಿನವನ ಬುದ್ಧಿಮಾತು ನಾಲ್ಕು ಕೇಳು. ಅಡಾಪ್ಟರಿಗೆ ಕೆಂಪು ಟೇಪು ಸುತ್ತಿದ್ದೇನೆ, ಅದನ್ನೇ ಹಾಕು, ಬೇರೆಯದರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದರೆ ಸುಟ್ಟುಹೋದೀತು. ಮೊದಲು ಪೆಡಲ್ ಆನ್ ಮಾಡಿ ಆಮೇಲೆ ಮಿಕ್ಸರಿನಲ್ಲಿ ಏರಿಸು, ಇಲ್ಲದಿದ್ದರೆ ಬಾಕ್ಸ್ ಧಡ್ಡೆನ್ನುತ್ತದೆ. ಹೆಡ್‌ಫೋನಿನಲ್ಲಿ ಸ್ವರವನ್ನು ಅರ್ಧಕ್ಕಿಂತ ಮೇಲೆ ಇಡಬೇಡ, ಒಂದು ಗಂಟೆಗೊಮ್ಮೆ ತೆಗೆದು ಕಿವಿಗೆ ಗಾಳಿ ಕೊಡು. ಇದನ್ನು ಮಾತ್ರ ನನ್ನ ಆಣೆ ಎಂದು ತಿಳಿದುಕೋ. ಆಮೇಲೆ ಪೆಡಲಿನಲ್ಲಿ ಡಿಲೇ ಎಂದು ಬರೆದದ್ದು ನಮ್ಮ ಎಕೋವೇ. ಅದನ್ನು ಉಪ್ಪಿನ ಹಾಗೆ ಹಾಕು. ಗುತ್ತಿಗಾರಿನ ಮದುವೆಯಲ್ಲಿ ಆ ಅನೌನ್ಸರ್ ಎಕೋ ಇನ್ನೂ ಕೊಡಿ, ಇನ್ನೂ ಕೊಡಿ ಎಂದು ಹಟ ಹಿಡಿದು, ಮದುಮಗಳ ಹೆಸರು ನಾಲ್ಕು ನಾಲ್ಕು ಸಲ ಮೊಳಗಿ ಮದುಮಗ ಗಲಿಬಿಲಿಯಾದದ್ದು ನೆನಪುಂಟಲ್ಲ.

ಗಿಟಾರಿಗೆ ಹೊಸ ತಂತಿ ಹಾಕಿಸಿದ್ದೇನೆ. ಅವ್ವ ಹಲಸಿನ ಹಪ್ಪಳ ಕಟ್ಟಿಕೊಟ್ಟಿದ್ದಾಳೆ, ಅದು ಪೋಕರನ ಕೈಯಲ್ಲಿ ಬೇರೆ ಉಂಟು. ನೀನು ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಬೈದ ಎಂದು ಕೈಯಲ್ಲಿದ್ದ ವಿದ್ಯೆಯನ್ನು ಬಿಡಬೇಡ. ನಿನ್ನ ಬೆರಳು ದಣಿಯದಿರಲಿ, ನೀನು ನಿಂತಲ್ಲೆಲ್ಲ ನಾಲ್ಕು ಜನ ನಿಂತು ಕೇಳುವಂತಾಗಲಿ ಎಂದು ಹರಸುತ್ತೇನೆ.

ಇತಿ ನಿನ್ನ ಅಪ್ಪ,
ಮಾಯಿಲಪ್ಪ

ಮತ್ತೆ ಬರೆದದ್ದು: ಸಹಿ ಹಾಕಿ ಎದ್ದವನು ಪುನಃ ಬಂದು ಕೂತೆ. ರೇಂಜ್ ಸರಿಯಿಲ್ಲ ಎಂದು ಅವ್ವನ ಬಾಯಲ್ಲಿ ಹೇಳಿಸಿದ್ದು ಸುಳ್ಳು ಎಂದು ನಿನಗೆ ಗೊತ್ತಾಗಿರಬಹುದು. ಕಾರಣ ಬೇರೆ ಉಂಟು.

ಪುತ್ತೂರಿನಲ್ಲಿ ಪೆಡಲ್ ಕೊಂಡ ದಿನ ಪೋಕರ್ ಗಾಡಿಯನ್ನು ಮನೆ ಕಡೆಯ ಸುಳ್ಯದ ರಸ್ತೆಗೆ ಬಿಡದೆ ಕಿವಿ ಪರೀಕ್ಷೆ ಮಾಡುವಲ್ಲಿಗೆ ಬಿಟ್ಟ. ಅವನೂ ಅವ್ವನೂ ಮೊದಲೇ ಮಾತಾಡಿಕೊಂಡಿದ್ದರಂತೆ. ಅಲ್ಲಿ ಮುನೀರಾ ಎಂಬ ಹುಡುಗಿ, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದಳು. ಸ್ವರ ಕೇಳಿದ ಕೂಡಲೇ ಕೈ ಎತ್ತಬೇಕು ಎಂದಳು. ನನಗೆ ನಗು ಬಂತು, ಈ ಕೆಲಸ ನನಗೆ ಹೊಸತಲ್ಲವಲ್ಲ. ಮೊದಲು ದಪ್ಪ ಸ್ವರಗಳು ಬಂದವು, ಎತ್ತಿದೆ. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಕಾದು ಕಾದು, ಉಳಿದದ್ದು ಯಾವಾಗ ಶುರು ಮಾಡ್ತೀ ಎಂದು ಕೇಳಿದೆ. ಅವಳು ಹೆಡ್‌ಫೋನನ್ನು ನನ್ನ ತಲೆಯಿಂದ ಮೆಲ್ಲ ತೆಗೆದು, "ಎಲ್ಲ ಮುಗೀತು ಅಂಕಲ್" ಎಂದಳು.

ಮೂವತ್ತು ವರ್ಷ ಬಾಕ್ಸಿನ ಪಕ್ಕ ನಿಂತದ್ದರ ಫಲ. ತೆಳು ಸ್ವರಗಳು ಮೊದಲು ಹೋಗುತ್ತವಂತೆ, ಹೋದದ್ದು ವಾಪಸು ಬರುವುದಿಲ್ಲವಂತೆ. ಕಿವಿಗೆ ಯಂತ್ರ ಹಾಕಿದರೆ ಸ್ವಲ್ಪ ಅನುಕೂಲವಾದೀತು ಎಂದಿದ್ದಾಳೆ, ನೋಡುವ. ಪೋಕರನದು ದಪ್ಪ ಸ್ವರ, ಅವನು ಬೈದದ್ದೆಲ್ಲ ಕೇಳುತ್ತದೆ. ನಿನ್ನದು ತೆಳು ಸ್ವರ ಮಗಾ. ಫೋನಿನಲ್ಲಿ ನೀನು 'ಅಪ್ಪ' ಎನ್ನುವವರೆಗೆ ತಿಳಿಯುತ್ತದೆ, ಆಮೇಲಿನದು ತಿಳಿಯುವುದಿಲ್ಲ. ಎಂತ ಹೇಳಿದ್ದು ಎಂದು ಮೂರು ಮೂರು ಸಲ ಕೇಳಲು ನಾಚಿಕೆಯಾಗಿ ಅವ್ವನಿಗೆ ದಾಟಿಸುತ್ತಿದ್ದೆ.

ಆ ದಿನ ನಿನ್ನ ಗಿಟಾರಿನಲ್ಲಿ ಸ್ವರ ಇತ್ತು. ಇಡೀ ಸಭಾಂಗಣಕ್ಕೆ ಕೇಳಿತ್ತು, ಆ ಸೌಂಡ್ಸ್‌ನ ಹುಡುಗ ಸರಿಯಾಗಿಯೇ ಇಟ್ಟಿದ್ದ. ನನಗೊಬ್ಬನಿಗೆ ಕೇಳಲಿಲ್ಲ. ನೀನು ಎರಡು ಸಲ ಕಂಬದ ಕಡೆ ನೋಡಿದೆ, ನಾನು ಕೈ ಎತ್ತಲಿಲ್ಲ. ತಪ್ಪು ನನ್ನದು.

ಬರುವ ಆದಿತ್ಯವಾರ ಗಿಟಾರನ್ನೂ ಪೆಡಲನ್ನೂ ಹಿಡಿದುಕೊಂಡು ಬಾ. ಅಂಗಳದಲ್ಲಿ ಒಂದು ಬಾಕ್ಸ್ ಇಡುತ್ತೇನೆ, ಮಿಕ್ಸರ್ ನಿನ್ನ ಕೈಯಲ್ಲೇ ಇರಲಿ. ಈ ಸಲ ನಾನು ಕೊನೆಯ ಕಂಬದವರೆಗೆ ಹೋಗುವುದಿಲ್ಲ. ಬಾಕ್ಸಿನ ಮರಕ್ಕೆ ಅಂಗೈ ಒತ್ತಿ ಕೂತಿರುತ್ತೇನೆ. ಅದರಲ್ಲಿ ನಿನ್ನ ಸ್ವರ ಮುಟ್ಟಿದ ಕೂಡಲೇ ಇನ್ನೊಂದು ಕೈ ಎತ್ತುತ್ತೇನೆ. ಅಲ್ಲಿವರೆಗೆ ನಿಲ್ಲಿಸಬೇಡ.